ಮೊದಲ್ನೀರಿಗೆ ಮೂರು ಸಾಕ್ಷಿ

ಠಾಣೆ ಜಿಲ್ಲೆಯ ಮೇಲೆ ಬೀಳುವ ಮಂಜೆಲ್ಲ ನನ್ನ ಸೋದರಮಾವನ ಸ್ವಂತದ್ದು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಾವೂ ಹತ್ತು ಹದಿನೈದು ವರ್ಷ ನಕ್ಕವರೇ. ಚಳಿಗಾಲದಲ್ಲಿ ಕಲ್ಯಾಣದಿಂದ ಠಾಣೆಯವರೆಗೆ ಎಲ್ಲಿ ಮಂಜು ಬಿದ್ದರೂ ಮಾವನ ಮುಖದಲ್ಲಿ ಮಗಳ ಮದುವೆ ಮಾಡಿಸುವವರ ಗತ್ತು ಕಾಣುತ್ತಿತ್ತು. ಮಂಜು ತೆಳ್ಳಗಾದರೆ ರೈಲಿನಲ್ಲಿ ಪಕ್ಕದಲ್ಲಿ ನಿಂತವರ ಕ್ಷಮೆ ಕೇಳುತ್ತಿದ್ದರು! "ಇವತ್ತು ಅಷ್ಟು ಒಳ್ಳೇದು ಬರ್ಲಿಲ್ಲ. ಬೇಜಾರು ಮಾಡ್ಬೇಡಿ ಆಯ್ತಾ?"

ಮಾವ ಠಾಣೆಯ ಮಾಜಿವಾಡಾದ ಹತ್ತಿರ ನಮ್ಮ ಕರಾವಳಿ ಕಡೆಯವರದ್ದೇ ಒಂದು ಹೋಟೆಲಿನಲ್ಲಿ ಅಕ್ಕಿಯ ಕೆಲಸಕ್ಕಿದ್ದರು. ಅಕ್ಕಿ ಆರಿಸುವುದು, ತೊಳೆಯುವುದು, ನೆನೆಹಾಕುವುದು, ಅನ್ನ ಬಾಗಿಸಿ ಗಂಜಿ ಬಸಿಯುವುದು. ನಲವತ್ತು ದಾಟಿದ ಮೇಲೆ ಊರು ಬಿಟ್ಟು ಬಂದವರು. ಮದುವೆಯಾಗಿರಲಿಲ್ಲ. ಮೊದಲು ಹೋಟೆಲಿನ ಅಟ್ಟದ ಮೇಲೆ ಮಲಗುತ್ತಿದ್ದರು. ಆಮೇಲೆ ಡೊಂಬಿವಲಿಯ ನಮ್ಮ ಒಂದು ಕೋಣೆ, ಒಂದು ಅಡುಗೆಮನೆಯ ಮನೆಗೆ ಬಂದರು. ನಾನು ಸೀರೆಗಳಿಗೆ ಫಾಲ್ ಹಚ್ಚುವ ಮೂಲೆಯಲ್ಲೇ ಅವರ ಚಾಪೆ. ಓದಿದ್ದು ನಾಲ್ಕನೇ ಕ್ಲಾಸು. ಹೆಸರು ನಾನಿಲ್ಲಿ ಬರೆಯುವುದಿಲ್ಲ. ತನ್ನ ಹೆಸರು ಅಚ್ಚಾಗುವುದು ಅವರಿಗೆ ಬೇಕಿರಲಿಲ್ಲ. ಅಚ್ಚಾಗಬೇಕಿದ್ದದ್ದು ಒಂದೇ ಒಂದು ಶಬ್ದ. ದಟ್ಟ ಮಂಜಿಗೆ ಅವರೇ ಇಟ್ಟ ಹೆಸರು: ಮೊದಲ್ನೀರು.

ಅಕ್ಕಿ ತೊಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಸಲ ತೊಳೆದ ನೀರು ಹಾಲಿನ ಹಾಗೆ ಇರುತ್ತದೆ; ಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಎರಡನೇ ನೀರಿನಲ್ಲಿ ಬೆರಳು ಕಾಣುತ್ತದೆ, ಉಗುರು ಕಾಣುವುದಿಲ್ಲ. ಮೂರನೇ ನೀರಿನಲ್ಲಿ ತಳದ ಕಾಳು ಎಣಿಸಬಹುದು. ಮಾವ ಲೋಕದ ಮಂಜನ್ನೆಲ್ಲ ಈ ಮೂರು ಪಾತ್ರೆಗಳಲ್ಲಿ ಹಾಕಿಟ್ಟಿದ್ದರು. ಮೂರನೇ ನೀರಾದರೆ ಲೋಕಲ್ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ. ಎರಡನೇ ನೀರಾದರೆ ಒಂದು ಚಹಾ ಕುಡಿಯುವಷ್ಟು ತಡ. ಮೊದಲ್ನೀರಾದರೆ? "ಮೊದಲ್ನೀರಾದ್ರೆ ರೈಲು ಯಾಕೆ ಬೇಕು ಮಾರಾಯ್ತಿ? ನಿಂತು ನೋಡು!"

ನಿಂತು ನೋಡುವ ಶಿಕ್ಷೆ ನಮಗೂ ಆಗಿದೆ. ಅವರು ನಮ್ಮಲ್ಲಿಗೆ ಬಂದ ಮೊದಲ ಚಳಿಗಾಲ. ಬೆಳಗ್ಗೆ ಐದೂವರೆಗೆ ಎಲ್ಲರನ್ನೂ ಎಬ್ಬಿಸಿ ಟೆರೇಸಿಗೆ ಹತ್ತಿಸಿದರು. ನವಿಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾ ನೋಡುವ ನನ್ನ ಗಂಡ ಕೆಲಸ ಮುಗಿಸಿ ಬಂದು ಮಲಗಿ ನಾಲ್ಕು ಗಂಟೆಯೂ ಆಗಿರಲಿಲ್ಲ. ಹೊದಿಕೆ ಸಮೇತ ಬಂದರು. ಎದುರಿನ ಕಟ್ಟಡ ಇಲ್ಲ, ನೀರಿನ ಟಾಕಿ ಇಲ್ಲ, ರೈಲಿನ ಹಳಿಯಿಲ್ಲ. ಪಕ್ಕದಲ್ಲಿ ನಿಂತ ಗಂಡನೂ ಅರ್ಧವೇ ಇದ್ದರು. ಆಗ ಶಾಲೆಗೆ ಹೋಗುತ್ತಿದ್ದ ನನ್ನ ಮಗಳು ಕನ್ನಡ ಎಲ್ಲ ಅರ್ಥವಾದರೂ ಉತ್ತರ ಮಾತ್ರ ಹಿಂದಿಯಲ್ಲಿ ಕೊಡುವವಳು.

"ಅಜ್ಜಾ, ಕುಛ್ ದಿಖ್ ಹೀ ನಹೀ ರಹಾ. ದೇಖೂಂ ಕ್ಯಾ?" ಏನೂ ಕಾಣುವುದೇ ಇಲ್ಲ, ನೋಡುವುದೇನನ್ನು, ಎಂದು.

"ಅದನ್ನೇ ನೋಡು!" ಎಂದರು ಮಾವ.

ಅವಳು ನೋಡಿದಳು. ನಾನೂ ನೋಡಿದೆ. ಇಷ್ಟು ದೊಡ್ಡ ಊರು, ಇಷ್ಟು ಜನ, ಇಷ್ಟು ಗಲಾಟೆ, ಎಲ್ಲ ಎಲ್ಲಿ ಹೋಯಿತು? ಯಾರ ಅಪ್ಪಣೆಯೂ ಕೇಳದೆ ಯಾರೋ ಮಡಚಿಟ್ಟುಬಿಟ್ಟಿದ್ದರಲ್ಲ! ಆಮೇಲೆ ನಾಲ್ಕು ಸಲ ಸೀನಿದೆವು, ಕೆಳಗೆ ಬಂದೆವು. ನನ್ನ ಗಂಡ "ನಿನ್ನ ಮಾವನ ಪ್ರದರ್ಶನ ಚೆನ್ನಾಗಿತ್ತು" ಎಂದು ಮತ್ತೆ ಮಲಗಿದರು.

ಮಂಜನ್ನು ಅಳೆಯುವುದರಲ್ಲಿ ಮಾವನಿಗೆ ಅಂದಾಜು ಒಪ್ಪಿಗೆಯಿರಲಿಲ್ಲ. ಔಷಧಿಯ ಹಳೆಯ ಗಾಜಿನ ಬಾಟಲಿಯಲ್ಲಿ ನಿಜವಾದ ಮೊದಲ್ನೀರನ್ನು ತುಂಬಿಕೊಂಡು, ರೈಲಿನ ಬಾಗಿಲಲ್ಲಿ ನಿಂತು, ಹೊರಗಿನ ಮಂಜಿಗೆ ಹಿಡಿದು ಬಣ್ಣ ಹೋಲಿಸುತ್ತಿದ್ದರು. ಸಂಶಯದ ವಸ್ತು ಕಂಡರೆ ತಿಳಿಸಿ ಎಂದು ರೈಲ್ವೆಯವರು ದಿನವಿಡೀ ಮೈಕಿನಲ್ಲಿ ಕೂಗುತ್ತಿದ್ದ ಕಾಲ ಅದು. ಯಾರೋ ತಿಳಿಸಿಯೇಬಿಟ್ಟರು! ಠಾಣೆಯಲ್ಲಿ ಇಳಿಯುತ್ತಲೇ ಪೊಲೀಸರು ಹಿಡಿದರು.

"ಯೇ ಕ್ಯಾ ಹೈ, ಚಾಚಾ?"

"ಚಾವಲ್ ಕಾ ಪಾನೀ, ಸಾಬ್."

"ಅಚ್ಛಾ? ಪೀಕೇ ದಿಖಾವ್."

ಮಾವ ಗಟಗಟ ಕುಡಿದು ತೋರಿಸಿದರು. ಪೊಲೀಸರು ನಕ್ಕು ಬಿಟ್ಟರು. ಸಂಜೆ ಮನೆಗೆ ಬಂದಾಗ ಮಾವನ ಮುಖ ಸಣ್ಣದಾಗಿತ್ತು. "ಹೆದರಿದ್ರಾ ಮಾವ?" ಎಂದು ಕೇಳಿದೆ. "ಹೆದರುದು ಎಂಥದ್ದಕ್ಕೆ? ಆದ್ರೆ ಅಳತೆ ಹೊಟ್ಟೆಗೆ ಹೋಯ್ತಲ್ಲ ಮಗಾ. ಠಾಣೆ ಸ್ಟೇಷನ್ನಿನಿಂದ ಆಚೆಯದ್ದು ನೋಡ್ಲಿಕ್ಕೇ ಆಗ್ಲಿಲ್ಲ!"

ಹೀಗಿರುವಾಗ ಡೊಂಬಿವಲಿಯ ನಮ್ಮ ಕನ್ನಡ ಸಂಘದ ನೋಟಿಸು ಬೋರ್ಡಿನಲ್ಲಿ ಒಂದು ಕಾಗದ ಅಂಟಿತು. ಈ ಭಾಗದಲ್ಲಿ ನೆಲೆಸಿದ ಕನ್ನಡಿಗರು ಮನೆಯಲ್ಲಿ, ಕೆಲಸದಲ್ಲಿ ಹುಟ್ಟಿಸಿಕೊಂಡ ಮಾತುಗಳನ್ನು ಕೂಡಿಸಿ ಒಂದು ಪದಕೋಶ ತರುತ್ತೇವೆ, ಪದಗಳನ್ನು ಕಳಿಸಿ, ಎಂದು. ಮಾವ ಆ ಕಾಗದವನ್ನು ಮೂರು ಸಲ ಓದಿದರು. ನಾಲ್ಕನೇ ಸಲ ನನ್ನಿಂದ ಓದಿಸಿದರು. ಮನೆಗೆ ನಡೆಯುತ್ತ ಒಂದೇ ಮಾತು ಹೇಳಿದರು.

"ನಂಗೆ ಮಕ್ಕಳಿಲ್ಲ, ಊರಲ್ಲಿ ಜಾಗ ಇಲ್ಲ. ಒಂದು ಶಬ್ದ ಉಂಟು."

ನಾನು ನಗಬೇಕೆಂದಿದ್ದೆ. ಆಗಲಿಲ್ಲ.

ಸಂಘದ ಕಾರ್ಯದರ್ಶಿಗಳು ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಬಲು ಬಿಗಿ. ಪದಕೋಶಕ್ಕೆಂದು ಅವರು ಮಾಡಿದ ಫಾರ್ಮನ್ನು ನೋಡಿದ್ದರೆ ಸಾಲಕ್ಕೆ ಅರ್ಜಿ ಹಾಕುವುದೇ ಸುಲಭ ಅನಿಸುತ್ತಿತ್ತು. ಪದ, ಅರ್ಥ, ಹುಟ್ಟು, ಬಳಕೆಯ ವಾಕ್ಯ. ಕೆಳಗೆ ಮೂವರು ಸಾಕ್ಷಿಗಳ ಸಹಿ. ಸಾಕ್ಷಿಯಾದವರು ಆ ಪದವನ್ನು ಯಾರೂ ಕೇಳದೆ, ತಾವಾಗಿಯೇ ಆಡಿರಬೇಕು. ಮನೆಯವರು, ನೆಂಟರು ಸಾಕ್ಷಿ ಹಾಕುವಂತಿಲ್ಲ. ಸಮಿತಿಯ ಸದಸ್ಯರು ಹಾಕುವಂತಿಲ್ಲ. ಇಷ್ಟೇಕೆ ಬಿಗಿ ಎಂದರೆ, ಯಾರೋ ಒಬ್ಬರು ಹೆಂಡತಿಯ ಮೇಲೆ ಸಿಟ್ಟು ಬಂದಾಗ ತಮ್ಮ ಬಾಯಲ್ಲಿ ಹುಟ್ಟಿದ ಹದಿನೇಳು ಪದ ಕಳಿಸಿದ್ದರಂತೆ!

"ನಿಮ್ಮ ಪದದ ಹುಟ್ಟು ಹೇಳ್ರಿ," ಎಂದರು ಕಾರ್ಯದರ್ಶಿಗಳು. ಮಾವ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಬರೆಯಲಿಕ್ಕೆ. ಅದುವರೆಗೆ ನನ್ನ ಮಗಳಿಗೆ ಅವರು ಈ ಪದದ ಹುಟ್ಟನ್ನು ನಾಲ್ಕು ಬಗೆಯಲ್ಲಿ ಹೇಳಿದ್ದರು. ಒಂದರಲ್ಲಿ ಆನೆಯೂ ಇತ್ತು. ಅವತ್ತು ಮಾತ್ರ ಕುರ್ಚಿಯ ತುದಿಯಲ್ಲಿ ಕೂತು ನಿಜ ಹೇಳಿದರು.

ಹೋಟೆಲಿಗೆ ಸೇರಿದ ಹೊಸತು. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲು ಎಂದರು. ಚೆಲ್ಲುವುದು ಹೇಗೆ? ಊರಲ್ಲಿ ಅದು ದನದ ಪಾಲು. ದನದ ಬಾಯಿಂದ ಕಿತ್ತು ಮೋರಿಗೆ ಹಾಕಿದಂತೆ ಆಗುವುದಿಲ್ಲವೇ? ಮಾವನ ಕೈ ಬರಲಿಲ್ಲ. ಮೂರು ದಿನದ ಮೊದಲ ನೀರನ್ನು ಬಕೆಟುಗಳಲ್ಲಿ ತುಂಬಿ, ಮುಚ್ಚಿ, ಕಟ್ಟೆಯ ಅಡಿಗೆ ಇಟ್ಟರು. ದನ ಎಲ್ಲಿದೆ ಎಂದು ಆಮೇಲೆ ನೋಡಿಕೊಳ್ಳುವ ಎಂದು! ನಾಲ್ಕನೇ ದಿನ ಹೋಟೆಲಿಡೀ ಹುಳಿ ವಾಸನೆ. ಗಿರಾಕಿಗಳು ಮೂಗು ಮುಚ್ಚಿಕೊಂಡು ಎದ್ದರು. ಧಣಿಗಳು ಮೋರಿ ಕಟ್ಟಿದೆ ಎಂದು ಪ್ಲಂಬರನ್ನು ಕರೆಸಿದರು. ಅವನು ನೆಲದ ಎರಡು ಹಾಸುಕಲ್ಲು ಎಬ್ಬಿಸಿ, ಒಳಗೆ ತಲೆ ಹಾಕಿ, "ಮೋರಿ ಏಕದಮ್ ಸಾಫ್ ಹೈ, ಶೇಟ್" ಎಂದಾಗ, ಹಿಂದಿನಿಂದ ಮಾವ ಮೆಲ್ಲಗೆ ಬಕೆಟಿನ ಮುಚ್ಚಳ ಎತ್ತಿದರು.

"ಆ ಬಕೆಟ್ ಇರ್ಬೇಕು, ಇಲ್ಲಾ ನೀನು ಇರ್ಬೇಕು!" ಎಂದು ಧಣಿಗಳು ಕಿರುಚಿದರು. ಮಾವ ಸ್ವಲ್ಪ ಯೋಚಿಸಿ, ಎರಡು ಕೈಗೆ ಎರಡು ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟರು! ಧಣಿಗಳು ರಸ್ತೆಯವರೆಗೆ ಓಡಿ ಹೋಗಿ ಕರೆದು ತಂದರಂತೆ. ಅಂಥ ಮನುಷ್ಯ ಮತ್ತೆಲ್ಲಿ ಸಿಗುತ್ತಾನೆ?

ಇಲ್ಲಿಗೆ ಬರುವಾಗ ಕಾರ್ಯದರ್ಶಿಗಳ ಪೆನ್ನು ನಿಂತಿತ್ತು. "ಮುಂದ?" ಎಂದರು.

ಮುಂದೆ ಮಾವ ದನ ಹುಡುಕಿದರು. ಹತ್ತಿರದ ಗುಡಿಯ ಮುಂದೆ ಒಬ್ಬ ಮರಾಠಿ ಆಯಿ ಹಸು ಕಟ್ಟಿಕೊಂಡು, ಹುಲ್ಲಿನ ಕಟ್ಟು ಇಟ್ಟುಕೊಂಡು ಕೂರುತ್ತಿದ್ದಳು. ಪುಣ್ಯ ಬೇಕಾದವರು ಅವಳಿಂದ ಹುಲ್ಲು ಕೊಂಡು ಅವಳ ಹಸುವಿಗೇ ತಿನ್ನಿಸುತ್ತಾರೆ. ಮಾವ ಬಕೆಟ್ ಹಿಡಿದು ಹೋದರೆ ಆಕೆ ಅಡ್ಡ ನಿಂತಳು. ನಿನ್ನ ನೀರು ಕುಡಿದು ಇದರ ಹೊಟ್ಟೆ ತುಂಬಿದರೆ ನನ್ನ ಹುಲ್ಲು ಯಾರು ಕೊಳ್ಳುತ್ತಾರೆ, ಎಂದು. ಕೊನೆಗೆ ಒಪ್ಪಂದವಾಯಿತು: ಗುಡಿಯ ಬಾಗಿಲು ತೆರೆಯುವ ಮೊದಲು ಬಂದು ಕುಡಿಸಿ ಹೋಗಬೇಕು. ಅಂದಿನಿಂದ ದಿನಾ ಬೆಳಗಿನ ಜಾವ ಒಂದು ಬಕೆಟ್, ಬಕೆಟಿನ ಹಿಂದೆ ಮಾವ.

"ಒಂದು ದಿನ ಹೊರಟೆ ಸಾರ್," ಎಂದರು ಮಾವ. ಧ್ವನಿ ಇಳಿದಿತ್ತು. "ಬಕೆಟ್ ಹಿಡ್ಕೊಂಡು ರಸ್ತೆ ದಾಟ್ಬೇಕು. ರಸ್ತೆ ಇಲ್ಲ. ಗುಡಿ ಇಲ್ಲ. ಹಿಂದೆ ತಿರುಗಿದ್ರೆ ಹೋಟೆಲೂ ಇಲ್ಲ! ಹಸುವಿನ ಗಂಟೆ ಮಾತ್ರ ಎಲ್ಲಿಂದ್ಲೋ ಕೇಳ್ತದೆ. ನಾನು ಊರಲ್ಲಿ ಅಂಥದ್ದು ಕಂಡವ ಅಲ್ಲ. ಕೆಳಗೆ ನೋಡಿದೆ, ಬಕೆಟ್ಟಲ್ಲಿ ಬೆಳ್ಳಗೆ. ಮೇಲೆ ನೋಡಿದೆ, ಅದೇ ಬೆಳ್ಳಗೆ. ಯಾರೋ ದೊಡ್ಡವ್ರು ಅಕ್ಕಿ ತೊಳೀತಾ ಇದ್ದಾರೆ, ನಾವೆಲ್ಲ ಅದರೊಳಗೆ ಕಾಳು ಅಂತ ಅನಿಸ್ತು. ಬಾಯಿಗೆ ಬಂತು, 'ಅಬ್ಬಾ, ಮೊದಲ್ನೀರು!' ಅಂತ. ಅಷ್ಟೇ ಸಾರ್. ನಾನು ಹುಟ್ಟಿಸಿದ್ದಲ್ಲ. ಬಂತು."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಹುಟ್ಟು ಪಾಸ್," ಎಂದರು. "ಸಾಕ್ಷಿ ತರ್ರಿ."

ಸಾಕ್ಷಿ! ಅಲ್ಲಿಂದ ಮಾವನ ಬೇಟೆ ಶುರುವಾಯಿತು. ತಾನೇ ಹೇಳಿಕೊಡುವಂತಿಲ್ಲ, ಕೇಳುವಂತಿಲ್ಲ, ಅವರಾಗಿಯೇ ಆಡಬೇಕು. ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ಕೂರುವವರೊಬ್ಬರು ವರ್ಷಗಟ್ಟಲೆ ಮಾವನ ಬಾಯಲ್ಲಿ ಈ ಪದ ಕೇಳಿದವರು. ಮಂಜು ಬಿದ್ದ ದಿನಗಳಲ್ಲಿ ಮಾವ ಅವರ ಹಿಂದೆ ಮುಂದೆ ಸುಳಿದಾಡಿ, ಏನೂ ಗೊತ್ತಿಲ್ಲದವರ ಹಾಗೆ, "ಹೊರಗೆ ಎಂಥ ಉಂಟು ಇವತ್ತು?" ಎನ್ನುತ್ತಿದ್ದರು. "ಟ್ರಾಫಿಕ್ಕು," ಎನ್ನುತ್ತಿದ್ದರು ಅವರು. ಇನ್ನೊಂದು ದಿನ, "ಏನಾದ್ರೂ ಕಾಣ್ತದಾ?" "ನೀವೇ ಅಡ್ಡ ನಿಂತಿದ್ದೀರಲ್ಲ ಭಟ್ರೇ, ಏನು ಕಾಣ್ತದೆ?" ಎರಡು ಚಳಿಗಾಲ ಹೀಗೇ ಹೋಯಿತು. ಮೂರನೆಯದರಲ್ಲಿ ಒಂದು ಬೆಳಗ್ಗೆ ತರಕಾರಿಯ ಗಾಡಿ ಬಾರದೆ ಅವರು ಫೋನಿನಲ್ಲಿ ಧಣಿಗಳಿಗೆ ಸಮಾಧಾನ ಹೇಳುತ್ತಿದ್ದರು. "ಹೈವೇ ಮೇಲೆ ಮೊದಲ್ನೀರು ಧಣಿ, ಗಾಡಿ ಹೇಗೆ ಬರ್ಬೇಕು?" ಒಳಗಿನಿಂದ ಮಾವ ಒದ್ದೆ ಕೈಯಲ್ಲೇ ಓಡಿ ಬಂದು ಅವರನ್ನು ತಬ್ಬಿಕೊಂಡರು. ಫಾರ್ಮಿನ ಮೊದಲ ಸಹಿಯ ಮೇಲೆ ಇವತ್ತಿಗೂ ನೀರಿನ ಕಲೆಯಿದೆ.

ಎರಡನೆಯದಕ್ಕೆ ಬಹಳ ಕಾಯಬೇಕಾಗಲಿಲ್ಲ. ದಿವಾದಲ್ಲಿ ರೈಲು ಹತ್ತುವ ಕಾರ್ಕಳ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಮಾವನ ರೈಲಿನ ಸ್ನೇಹಿತರು. ಅದೇ ಚಳಿಗಾಲದ ಇನ್ನೊಂದು ಬೆಳಗ್ಗೆ, ರೈಲು ದಿವಾದಲ್ಲಿ ನಿಲ್ಲುತ್ತಿರುವಾಗ ಇಳಿಯಲು ಅವಸರ ಮಾಡುತ್ತಿದ್ದ ಯಾರನ್ನೋ ನೋಡಿ ಅವರು ಪ್ಲಾಟ್‌ಫಾರ್ಮಿನಿಂದಲೇ ಕೂಗಿದರು, "ನಿಲ್ಲಿ, ನಿಲ್ಲಿ! ಮೊದಲ್ನೀರು ಮಾರಾಯ್ರೆ, ಅಂಚು ಕಾಣುದಿಲ್ಲ!" ಇಳಿಯುತ್ತಿದ್ದವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ನಿಂತರು. ಮಾವ ಮಾತ್ರ ಇಳಿದರು! ದಿವಾದಲ್ಲಿ ಬೆಳಗಿನ ಹೊತ್ತು ಇಳಿಯುವುದೆಂದರೆ ಹತ್ತಲು ನುಗ್ಗುವ ಜನಸಾಗರದ ಎದುರು ಈಜುವುದು. ಒಂದು ಚಪ್ಪಲಿ ಕಳೆದುಕೊಂಡು, ಫಾರ್ಮನ್ನು ತಲೆಯ ಮೇಲೆ ಎತ್ತಿ ಹಿಡಿದು, ಸ್ನೇಹಿತರ ಬೆನ್ನಿನ ಮೇಲೇ ಕಾಗದ ಇಟ್ಟು ಸಹಿ ಹಾಕಿಸಲು ನೋಡಿದರಂತೆ. "ನನ್ನ ಬೆನ್ನಿನ ಮೇಲೆ ನಾನೇ ಹೇಗೆ ಸಹಿ ಹಾಕ್ಲಿ?" ಎಂದು ಅವರು ಕೇಳಿದ ಮೇಲೆಯೇ ಇವರಿಗೆ ಹೊಳೆದದ್ದು!

ಮೂರನೆಯ ಸಾಕ್ಷಿಯಾಗಿ ಮಾವ ಆ ಹಸುವಿನ ಆಯಿಯನ್ನೇ ಸಂಘಕ್ಕೆ ಕರೆತಂದರು. ಆಕೆ ವರ್ಷಗಳಿಂದ ದಟ್ಟ ಮಂಜು ಬಿದ್ದಾಗೆಲ್ಲ "ಆಜ್ ಪಹಿಲಂ ಪಾಣೀ" ಎನ್ನುತ್ತಿದ್ದಳಂತೆ. ಇವತ್ತು ಮೊದಲ ನೀರು, ಎಂದು. ಮಾವನಿಂದ ಕಲಿತದ್ದೂ ಅವಳಿಗೆ ಮರೆತಿತ್ತು. ಮರಾಠಿಯಲ್ಲಿ ಮೊದಲಿನಿಂದಲೂ ಹಾಗೇ ಹೇಳುತ್ತಾರೆ ಎಂದು ವಾದಿಸಿದಳು! ಕಾರ್ಯದರ್ಶಿಗಳು ತಲೆಯಾಡಿಸಿದರು.

"ಇದು ಕನ್ನಡ ಪದಕೋಶ ಅದರೀ. ಅರ್ಥ ಬಂತು, ಪದ ಬರ್ಲಿಲ್ಲ."

"ಮಂಜಿಗೆ ಭಾಷೆ ಉಂಟಾ ಸಾರ್?"

"ಮಂಜಿಗಿಲ್ಲ. ಫಾರ್ಮಿಗೆ ಅದ."

ಆದರೂ ಮಾವ ಅವತ್ತು ಬೇಜಾರಿನಲ್ಲಿ ಬರಲಿಲ್ಲ. ದಾರಿಯುದ್ದಕ್ಕೂ ತಲೆ ಕುಣಿಸುತ್ತ, "ಕಂಡ್ಯಾ ಮಗಾ? ಕನ್ನಡದಲ್ಲಿ ಸೀಟು ಸಿಗುವ ಮೊದ್ಲೇ ಮರಾಠಿಗೆ ಹೋಗಿ ಕೂತುಬಿಟ್ಟಿದೆ!" ಎಂದು ಬೆರಗಾಗುತ್ತಿದ್ದರು.

ಆಮೇಲೆ ಮಂಜು ಕೈಕೊಟ್ಟಿತು. ಎರಡು ಚಳಿಗಾಲ ಮೂರನೇ ನೀರಿಗಿಂತ ಮೇಲೆ ಏರಲೇ ಇಲ್ಲ. ಮಾವ ದಿನಾ ಐದಕ್ಕೆ ಕಿಟಕಿ ತೆರೆದು, ನೋಡಿ, ಮುಚ್ಚುತ್ತಿದ್ದರು. ಮಂಜಿಲ್ಲದೆ ಮಾತು ಯಾರ ಬಾಯಲ್ಲಿ ಬರಬೇಕು? ವರ್ತಕ ನಗರದಲ್ಲಿ ಊರಿನವರ ಮನೆಯ ಪೂಜೆಗೆ ಹೋದಾಗ ಅಲ್ಲಿ ಧೂಪದ ಹೊಗೆ ತುಂಬಿದ್ದು ಕಂಡು ಮಾವನ ಕಣ್ಣು ಹೊಳೆಯಿತು; ಯಾರಾದರೂ ಏನಾದರೂ ಅನ್ನುತ್ತಾರೋ ಎಂದು ಒಂದು ಗಂಟೆ ಕೆಮ್ಮುತ್ತ ಅಲ್ಲೇ ಕೂತರು. ಪದಕೋಶವೂ ಅವಸರ ಮಾಡಲಿಲ್ಲ. ಸಂಘದ ಕೆಲಸ ಎಂದರೆ ನಿಮಗೆ ಗೊತ್ತಲ್ಲ! ಮುಂದಿನ ಯುಗಾದಿಗೆ ಎಂದದ್ದು ಮುಂದಿನ ದಸರೆಗೆ, ದಸರೆಯದ್ದು ಮತ್ತೆ ಯುಗಾದಿಗೆ. "ಒಳ್ಳೇದಾಯ್ತು. ನಮ್ಗೆ ಟೈಮು ಉಂಟು," ಎನ್ನುತ್ತಿದ್ದರು ಮಾವ.

ಟೈಮು ಇರಲಿಲ್ಲ. ಒಂದು ಡಿಸೆಂಬರಿನಲ್ಲಿ ಕೆಮ್ಮು ಎಂದು ಮಲಗಿದವರು ಏಳಲಿಲ್ಲ. ಆಸ್ಪತ್ರೆಯಲ್ಲಿ ಮೂರು ವಾರ. ಜನವರಿಯ ಒಂದು ಬೆಳಗ್ಗೆ ಅವರನ್ನು ಡೊಂಬಿವಲಿಯ ಸ್ಮಶಾನಕ್ಕೆ ಒಯ್ದಾಗ ಮುಂದಿನ ಗಾಡಿಯ ಹಿಂದಿನ ದೀಪ ಕೂಡ ಕಾಣದಂಥ ಮಂಜು ಬಿದ್ದಿತ್ತು. ನಾವು ಯಾರೂ ಅದರ ಹೆಸರು ಹೇಳಲಿಲ್ಲ. ಹೇಳಿದರೆ ಎಲ್ಲಿ ಅಳು ಬಂದುಬಿಡುತ್ತದೋ ಎಂದು ನನ್ನ ಗಂಡ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

ತಿಂಗಳ ಮೇಲೆ ಕಾರ್ಯದರ್ಶಿಗಳ ಫೋನು ಬಂತು. ಪದಕೋಶ ಕೊನೆಗೂ ಅಚ್ಚಿಗೆ ಹೋಗುತ್ತಿದೆ, ನಿಮ್ಮ ಮಾವನ ಫಾರ್ಮು ಹೇಗಿದೆಯೋ ಹಾಗೇ ತಂದುಕೊಡಿ, ಎಂದು. ಹೇಗಿದೆಯೋ ಹಾಗೆ ಎಂದರೆ ಎರಡು ಸಹಿ, ಒಂದು ಖಾಲಿ. ವಾಪಸು ಕಳಿಸುವುದಕ್ಕೂ ಫೈಲಿನಲ್ಲಿ ಕಾಗದ ಬೇಕೇನೋ ಎಂದುಕೊಂಡು ಹೋದೆ. ಅವರು ಫಾರ್ಮನ್ನು ಮೇಜಿನ ಮೇಲೆ ನೀಟಾಗಿ ಹರಡಿ ಬಹಳ ಹೊತ್ತು ನೋಡಿದರು.

"ತಂಗೀ, ಅವತ್ತ ನಿಮ್ಮ ಮಾವನ ಮಣ್ಣಿಗೆ ಬರ್ಲಿಕ್ಕೆ ಹತ್ತಿದ್ದೆ," ಎಂದರು. "ಕಲ್ಯಾಣದಿಂದ, ರಿಕ್ಷಾದಾಗ. ರಿಕ್ಷಾದವ ನಡುದಾರ್ಯಾಗ ನಿಲ್ಲಿಸಿಬಿಟ್ಟ. ಮನಿಯಿಂದ ಫೋನ್ ಬಂತು, ಎಲ್ಲಿದ್ದೀರಿ ಅಂತ. ಎಲ್ಲಿದ್ದೀನಿ ಅಂತ ನನಗೂ ಗೊತ್ತಿಲ್ಲ, ಮೊದಲ್ನೀರು ಬಿದ್ದದ, ಅಂದೆ. ಫೋನ್ ಇಟ್ಟ ಮ್ಯಾಲೆ ತಿಳೀತು, ನಾ ಏನಂದೆ ಅಂತ."

ನಾನು ಮೆಲ್ಲಗೆ ಫಾರ್ಮಿನ ಕೆಳಗಿನ ಸಾಲು ತೋರಿಸಿದೆ. ಸಮಿತಿಯ ಸದಸ್ಯರು ಸಾಕ್ಷಿ ಹಾಕುವಂತಿಲ್ಲ. ಅವರದೇ ನಿಯಮ.

"ಗೊತ್ತದ," ಎಂದರು. ಪಕ್ಕದಲ್ಲಿ ಪದಕೋಶದ ಮೊದಲ ಪುಟದ ಕರಡು ಇತ್ತು. ಮೇಲೆ ಸಮಿತಿಯವರ ಹೆಸರುಗಳು, ಎಲ್ಲಕ್ಕಿಂತ ಮೇಲೆ ಅವರದ್ದು. ಕೆಂಪು ಪೆನ್ನು ತೆಗೆದು, ಸ್ಕೇಲು ಇಟ್ಟು, ತಮ್ಮ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ಆಮೇಲೆ ಪೆನ್ನು ಬದಲಾಯಿಸಿ, ನೀಲಿಯಲ್ಲಿ, ಮಾವನ ಫಾರ್ಮಿನ ಮೂರನೇ ಸಾಲಿನಲ್ಲಿ ಸಹಿ ಮಾಡಿದರು. ಮಸಿ ಆರುವ ಮೊದಲೇ ಅವರ ಬೆರಳು ಮೇಲಿನ ಸಾಲಿಗೆ ಹೋಯಿತು.

"ಬಳಕೆಯ ವಾಕ್ಯ ಖಾಲಿ ಅದಲ್ರೀ. ಅವರ ಬಾಯಿಂದ ಬಂದದ್ದು ಒಂದು ಹೇಳ್ರಿ."

ನನ್ನಲ್ಲಿ ಬೇಕಾದಷ್ಟು ಇದ್ದವು. ಟೆರೇಸಿನವು, ರೈಲಿನವು, ಕಿಟಕಿಯವು. ಆದರೆ ಬಾಯಿಗೆ ಬಂದದ್ದು ಆಸ್ಪತ್ರೆಯದ್ದು. ಕೊನೆಗಿನ್ನು ಎರಡು ದಿನ ಇದೆ ಎನ್ನುವಾಗ ನಾನು ಅವರಿಗೆ ಕಾಣದಂತೆ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಹಿಂದಿನಿಂದ ಮಾವನ ದನಿ ಕೇಳಿತ್ತು. ಅದನ್ನೇ ಹೇಳಿದೆ. ಕಾರ್ಯದರ್ಶಿಗಳು ಒಂದೊಂದೇ ಅಕ್ಷರ ದುಂಡಗೆ ಬರೆದುಕೊಂಡರು.

"ಅಳ್ಬೇಡ ಮಗಾ, ಇದು ಮೊದಲ್ನೀರು ಅಷ್ಟೇ, ಎರಡನೇದು, ಮೂರನೇದು ಇನ್ನೂ ಬರ್ಲಿಕ್ಕೆ ಉಂಟು."

ಬರೆದಾದ ಮೇಲೆ ಪೆನ್ನು ಎತ್ತಿ ನನ್ನನ್ನು ನೋಡಿದರು. "ಇದು ಮಂಜಿನ ಬಗ್ಗೇನ ಹೇಳಿದ್ದು, ಹೌದಲ್ರೀ?"

ಆ ದಿನ ಆಸ್ಪತ್ರೆಯ ಕಿಟಕಿಯಾಚೆ ಒಳ್ಳೆಯ ಬಿಸಿಲಿತ್ತು. ಹೌದು, ಎಂದೆ.